ಕಂಪ್ರೆಸರ್ ಚೆನ್ನಾಗಿಯೇ ಇತ್ತು

ಕಡೂರಿನಿಂದ ತರೀಕೆರೆ ಕಡೆಗೆ ಹೋಗುವಾಗ ಬಿ.ಎಚ್. ರಸ್ತೆಯ ಎಡಬದಿಗೆ ಸಿಗುವ ಕಾರ್ ಎ.ಸಿ. ಅಂಗಡಿ ಯೋಗಾನಂದನದು. ಅಂಗಡಿಗೆ ಬೋರ್ಡಿದೆ, ಆದರೆ ಅದನ್ನು ಓದಿಕೊಂಡು ಬರುವವರು ಕಡಿಮೆ. ‘ಕಿವಿ ಯೋಗಣ್ಣನ ಶೆಡ್ಡು’ ಎಂದರೆ ಬೀರೂರಿನಿಂದ ಅಜ್ಜಂಪುರದವರೆಗೆ ಕಾರಿಟ್ಟುಕೊಂಡವರಿಗೆಲ್ಲ ಗೊತ್ತಿತ್ತು. ಕಾರು ರಸ್ತೆಯಿಂದ ಇಳಿದು ಶೆಡ್ಡಿನ ಕಡೆ ತಿರುಗುವಷ್ಟರಲ್ಲಿ, ಇನ್ನೂ ಬಾನೆಟ್ ಎತ್ತುವ ಮೊದಲೇ, ಯಾವ ಬೇರಿಂಗ್ ಹೋಗಿದೆ, ಯಾವ ಬೆಲ್ಟ್ ಸಡಿಲವಾಗಿದೆ ಎಂದು ಅವನು ಹೇಳಿಬಿಡುತ್ತಿದ್ದ. ಅನುಮಾನ ಬಂದರೆ ಮಾತ್ರ ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆದಾಗ ಹೇಳಿದ್ದು ತಪ್ಪಾದದ್ದನ್ನು ಯಾರೂ ಕಂಡಿರಲಿಲ್ಲ.

ಅವನು ಹಿರೇನಲ್ಲೂರಿನ ಕಡೆಯವನು. ಮನೆಯ ಖುಷ್ಕಿ ಜಮೀನು, ತೆಂಗಿನ ತೋಟವನ್ನು ಅಣ್ಣ ಬೀರಪ್ಪ ನೋಡಿಕೊಂಡ. ಯೋಗಾನಂದ ಎಸ್ಸೆಸ್ಸೆಲ್ಸಿ ಮುಗಿಸಿ ಶಿವಮೊಗ್ಗದ ಒಂದು ಗ್ಯಾರೇಜಿಗೆ ಸೇರಿಕೊಂಡ. ಅಲ್ಲಿ ಹನ್ನೊಂದು ವರ್ಷ. ಒಂದು ಕಡೆ ಲಾರಿಗಳ ಬಾಡಿ ಬಡಿಯುತ್ತಿದ್ದರು, ಇನ್ನೊಂದು ಕಡೆ ಸೈಲೆನ್ಸರ್ ಬಿಚ್ಚಿಟ್ಟ ಡೀಸೆಲ್ ಎಂಜಿನ್‌ಗಳು ಬೆಳಗಿನಿಂದ ಸಂಜೆಯವರೆಗೆ ಅರಚುತ್ತಿದ್ದವು. ಆ ಗದ್ದಲದ ನಡುವೆಯೇ ಅಲ್ಲಿನ ಉಸ್ತಾದರು ಅವನಿಗೆ ಸದ್ದು ಕೇಳುವುದನ್ನು ಕಲಿಸಿದರು. ಕಾರುಗಳಿಗೆ ಎ.ಸಿ. ಬರತೊಡಗಿದ ಕಾಲ ಅದು. ಆ ಕೆಲಸ ಕಲಿತು ಕಡೂರಿಗೆ ಬಂದು ಶೆಡ್ಡು ಹಾಕಿದ, ಮದುವೆಯಾದ, ಹೆಸರು ಮಾಡಿದ.

ಐವತ್ತೊಂದನೆಯ ವಯಸ್ಸಿಗೆ ಆ ಕಿವಿ ಕೈಕೊಡತೊಡಗಿತು.

ಮೊದಲು ಹೋದದ್ದು ತೆಳ್ಳಗಿನ ಸದ್ದುಗಳು. ಒಂದು ದಿನ ಗಿರಾಕಿಯೊಬ್ಬರು ಬೆಲ್ಟ್ ಕಿರುಚುವುದನ್ನು ತಾಳಲಾರದೆ ಮುಖ ಹಿಂಡಿದರು. ಯೋಗಾನಂದನಿಗೆ ಎಂಜಿನ್ನಿನ ಗುಡುಗುಡು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಅವನೂ ಮುಖ ಹಿಂಡಿ ತೋರಿಸಿದ. ಅಂದಿನಿಂದ ಅದೇ ಅಭ್ಯಾಸವಾಯಿತು. ಎದುರಿನವರ ಮುಖ ನೋಡಿ ಸದ್ದು ಎಷ್ಟು ಜೋರಾಗಿದೆ ಎಂದು ಅಂದಾಜು ಮಾಡುತ್ತಿದ್ದ. ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಫೋನಿನಲ್ಲಿ ಮಾತನಾಡುವವರಿಗೆ ಕೈ ಗ್ರೀಸಾಗಿದೆ, ಮೆಸೇಜ್ ಹಾಕಿ ಎನ್ನುತ್ತಿದ್ದ. ಎಂಥ ಸದ್ದು, ಯಾವಾಗ ಬರುತ್ತೆ, ನೀವೇ ಒಂದು ಸಲ ಮಾಡಿ ತೋರಿಸಿ ಎಂದು ಗಿರಾಕಿಗಳನ್ನು ಕೇಳುತ್ತಿದ್ದ. ಅವರು ನಗುತ್ತ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಿದ್ದರು. ಹೀಗೆ ಮೂರು ವರ್ಷ ನಡೆಯಿತು.

ಹೆಂಡತಿ ಪ್ರತಿಮಾಗೆ ಮಾತ್ರ ಗೊತ್ತಿತ್ತು. ಅವಳು ಹಾಲಿನ ಡೈರಿಯ ಕಾರ್ಯದರ್ಶಿ. ದಿನಕ್ಕೆ ನೂರಾರು ಜನರ ಜೊತೆ ಮಾತನಾಡುವವಳು. ಡಾಕ್ಟರಿಗೆ ತೋರಿಸಿ ಎಂದು ಅವಳು ಹೇಳಿದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ. ಅದಕ್ಕೂ ಒಂದು ಕಾರಣವಿತ್ತು. ಅವನ ಅಜ್ಜನಿಗೆ ಕೊನೆಯ ಇಪ್ಪತ್ತು ವರ್ಷ ಪೂರ್ತಿ ಕಿವುಡು. ಜಗಲಿಯ ಮೇಲೆ ಕೂತ ಅಜ್ಜನ ಎದುರೇ ಜನ ಅವನನ್ನು ಆಡಿಕೊಳ್ಳುತ್ತಿದ್ದರು. ಅಜ್ಜ ಏನೂ ತಿಳಿಯದೆ ಅವರ ಜೊತೆ ತಾನೂ ನಗುತ್ತಿದ್ದ. ಡಾಕ್ಟರು ಬಾಯಿಬಿಟ್ಟು ಹೇಳಿದ ದಿನವೇ ತಾನೂ ಆ ಜಗಲಿ ಹತ್ತಿದಂತೆ ಎಂದು ಯೋಗಾನಂದನ ಎಣಿಕೆ. ಕಿವಿಯಿಂದಲೇ ಹೆಸರಾದ ಮೆಕ್ಯಾನಿಕ್ಕಿಗೆ ಕಿವಿ ಕೇಳಿಸುವುದಿಲ್ಲ ಎಂದರೆ ಶೆಡ್ಡಿಗೆ ಯಾರು ಬರುತ್ತಾರೆ?

ಕಳೆದ ವರ್ಷ ಮಾರ್ಚಿನಲ್ಲಿ ಅಜ್ಜಂಪುರದಿಂದ ಸುದರ್ಶನನ ಕಾರು ಬಂತು. ಸುದರ್ಶನ ಅಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ತಾಯಿ ತುಂಗಮ್ಮನವರಿಗೆ ಎಪ್ಪತ್ತೆಂಟು ವರ್ಷ, ಉಬ್ಬಸ. ತಿಂಗಳಿಗೊಮ್ಮೆ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕು. ಆ ವರ್ಷ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದು ಗಾಜು ಇಳಿಸಿದರೆ ಕೆಂಧೂಳು ನೇರ ಎದೆಗೆ ಹೋಗುತ್ತಿತ್ತು. ಹಾಗಾಗಿ ಆ ಕಾರಿಗೆ ಎ.ಸಿ. ಶೋಕಿಯ ವಸ್ತುವಾಗಿರಲಿಲ್ಲ. ಎ.ಸಿ. ಹಾಕಿದ ತಕ್ಷಣ ಮುಂದುಗಡೆ ‘ಕೀ’ ಎನ್ನುತ್ತದೆ, ಆರಿಸಿದರೆ ನಿಲ್ಲುತ್ತದೆ ಎಂದು ಸುದರ್ಶನ ಹೇಳಿದ.

ಯೋಗಾನಂದ ಎ.ಸಿ. ಹಾಕಿಸಿ, ಆರಿಸಿ, ಮತ್ತೆ ಹಾಕಿಸಿ ಕೇಳಿದ. ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದ. ಏನೂ ಇಲ್ಲ. ಇಂಥದ್ದಕ್ಕೆ ಸರಿಯಾದ ಕ್ರಮ ಅವನಿಗೆ ಗೊತ್ತಿತ್ತು: ಬೆಲ್ಟ್ ಬಿಚ್ಚಿ, ಅದು ಸುತ್ತುವ ಪ್ರತಿಯೊಂದು ರಾಟೆಯನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು. ಆದರೆ ಕಿವಿ ಯೋಗಣ್ಣ ಹಾಗೆ ತಡಕಾಡಿದ್ದನ್ನು ಅಂಗಳದಲ್ಲಿ ನಿಂತಿದ್ದ ಯಾರೂ ನೋಡಿರಲಿಲ್ಲ. ಎ.ಸಿ. ಹಾಕಿದಾಗ ಮಾತ್ರ ಸದ್ದು ಬಂದರೆ ಹತ್ತರಲ್ಲಿ ಎಂಟು ಸಲ ಕಂಪ್ರೆಸರ್ರೇ. ಅವನು ಕಣ್ಣು ತೆರೆದು ಕಂಪ್ರೆಸರ್ ಹೋಗಿದೆ, ಬದಲಿಸಬೇಕು ಎಂದ. ಸುದರ್ಶನ ಮರುಮಾತಿಲ್ಲದೆ ಒಪ್ಪಿದ.

ಹೊಸ ಕಂಪ್ರೆಸರ್ ತರಿಸಿ, ಮಾರನೆಯ ದಿನ ಬೆಳಿಗ್ಗೆ ಕೆಲಸ ಹಿಡಿದ. ಹಳೆಯ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು, ಪೈಪುಗಳನ್ನು ಕಳಚಿ, ಬೋಲ್ಟು ಬಿಚ್ಚಿ ಹಳೆಯದನ್ನು ಕೆಳಗಿಳಿಸಿದ. ಅದರ ರಾಟೆ ಕೈಗೆ ತಾಕಿ ಒಂದು ಸುತ್ತು ತಿರುಗಿತು. ಬೆಣ್ಣೆಯಂತೆ ನುಣ್ಣಗೆ ತಿರುಗಿತು. ಅದು ಅವನ ಗಮನಕ್ಕೆ ಬಂತು. ಕೈ ಒಂದು ಗಳಿಗೆ ತಡೆಯಿತು. ಬಿಸಿಯಾದಾಗ ಮಾತ್ರ ಸದ್ದು ಮಾಡುತ್ತದೇನೋ ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಕಪಾಟಿನ ಮೇಲಿಟ್ಟ. ಬೆಲ್ಟ್ ಕಳಚಿದ್ದಾಗಲಾದರೂ ಪಕ್ಕದ ರಾಟೆಗಳನ್ನು ಮುಟ್ಟಿ ನೋಡಬಹುದಿತ್ತು. ನೋಡಲಿಲ್ಲ. ಹೊಸದನ್ನು ಕೂರಿಸಿ, ಎಣ್ಣೆ ಹಾಕಿ, ಮುಕ್ಕಾಲು ಗಂಟೆ ಪೈಪುಗಳ ಗಾಳಿಯನ್ನೆಲ್ಲ ಹೀರಿ ವ್ಯಾಕ್ಯೂಮ್ ಮಾಡಿ ಗ್ಯಾಸ್ ತುಂಬಿದ. ಕಾರಿನೊಳಗೆ ಚಳಿ ಹಿಡಿಯುವಷ್ಟು ತಂಪಾಯಿತು. ಹೊರಡುವಾಗ ಸುದರ್ಶನ ಸದ್ದು ಹೋಯಿತಲ್ಲವೇ ಎಂದು ಕೇಳಿದ. ಆಗ ರಸ್ತೆಯಲ್ಲಿ ಸಾಲಾಗಿ ಲಾರಿಗಳು ಹೋಗುತ್ತಿದ್ದವು. ಯೋಗಾನಂದ ಹೋಯಿತು ಎಂದು ತಲೆಯಾಡಿಸಿದ.

ನಾಲ್ಕು ದಿನ ಕಳೆದು ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂತು. ಸುದರ್ಶನ ಎಲ್ಲೋ ರಸ್ತೆಯ ಮೇಲಿಂದ ಅವಸರದಲ್ಲಿ ಮಾತನಾಡುತ್ತಿದ್ದ. ಯೋಗಾನಂದನಿಗೆ ಕೇಳಿಸಿದ್ದು ಎರಡೇ ಮಾತು: ‘ಬೆಲ್ಟು’, ‘ಅಮ್ಮ’. ಏನಾಯಿತು ಎಂದು ಎರಡು ಸಲ ಕೇಳಿದ. ಎರಡು ಸಲವೂ ಉತ್ತರ ಗಾಳಿಯಲ್ಲಿ ಹೋಯಿತು, ಕೇಳಿಸಿದವನಂತೆ ಹೂಂ ಎಂದ. ಕೊನೆಗೆ ಫೋಟೋ ಕಳಿಸಿ, ಎಲ್ಲಿದ್ದೀರಿ ಅಂತ ಬರೆದು ಕಳಿಸಿ ಎಂದ. ಆ ಎರಡು ನಿಮಿಷದಲ್ಲಿ ಅವನು ಅನುಭವಿಸಿದ್ದು ಅವನಿಗೇ ಗೊತ್ತು.

ಮೆಸೇಜ್ ಬಂತು. ಅಜ್ಜಂಪುರ ಬಿಟ್ಟು ತರೀಕೆರೆ ದಾರಿಯಲ್ಲಿ ಸ್ವಲ್ಪ ದೂರ ಬಂದಿದ್ದರಂತೆ. ಸದ್ದು ಇನ್ನೂ ಆಗಾಗ ಬರುತ್ತಿತ್ತು, ಹೊಸ ಕಂಪ್ರೆಸರ್ ಪಳಗಿದರೆ ನಿಲ್ಲುತ್ತದೆ ಎಂದುಕೊಂಡಿದ್ದೆ, ಈಗ ಬೆಲ್ಟ್ ಹರಿದಿದೆ, ಕೆಂಪು ದೀಪ ಬಂದ ಕೂಡಲೇ ಗಾಡಿ ನಿಲ್ಲಿಸಿದೆ, ಅಮ್ಮ ಪಕ್ಕದ ತೋಟದಲ್ಲಿ ಕೂತಿದ್ದಾರೆ, ಪರವಾಗಿಲ್ಲ ಎಂದು ಬರೆದಿದ್ದ. ‘ಪರವಾಗಿಲ್ಲ’ ಎಂಬುದನ್ನು ಯೋಗಾನಂದ ಮೂರು ಸಲ ಓದಿದ. ಆಮೇಲೆ ಫೋಟೋ ತೆರೆದ. ಬೆಲ್ಟು ನಾರುನಾರಾಗಿತ್ತು. ಅದನ್ನು ಬಿಗಿಯಾಗಿ ಹಿಡಿದಿಡುವ ಚಿಕ್ಕ ರಾಟೆ, ಟೆನ್ಷನರ್, ಸುಟ್ಟು ಕಪ್ಪಾಗಿ ಓರೆಯಾಗಿ ನಿಂತಿತ್ತು.

ಇನ್ನು ಕೇಳಬೇಕಾದದ್ದೇನೂ ಉಳಿಯಲಿಲ್ಲ. ‘ಕೀ’ ಎನ್ನುತ್ತಿದ್ದದ್ದು ಆ ರಾಟೆಯ ಬೇರಿಂಗ್. ಎ.ಸಿ. ಹಾಕಿದಾಗ ಬೆಲ್ಟಿನ ಮೇಲೆ ಭಾರ ಬಿದ್ದು ಅದು ಕೂಗುತ್ತಿತ್ತು. ಅವನು ಬಿಚ್ಚಿ ಕಪಾಟಿನ ಮೇಲಿಟ್ಟ ಕಂಪ್ರೆಸರಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಕಾರಿನಲ್ಲಿ ಎಂಜಿನ್ ತಣ್ಣಗಿಡುವ ನೀರಿನ ಪಂಪೂ ಅದೇ ಬೆಲ್ಟಿನಲ್ಲಿ ಓಡುತ್ತದೆ. ಸುದರ್ಶನ ಇನ್ನೊಂದು ಮೈಲಿ ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು.

ಟೆನ್ಷನರ್, ಬೆಲ್ಟ್ ಎರಡನ್ನೂ ಕಡೂರಿನಲ್ಲೇ ಹೊಂದಿಸಿಕೊಂಡು ತನ್ನ ಹಳೆಯ ಓಮ್ನಿಯಲ್ಲಿ ಹೊರಟ. ಬೀರೂರು ದಾಟಿ, ಅಜ್ಜಂಪುರದ ಮೇಲೆ ಹೋದರೆ ಒಂದು ಗಂಟೆಗೂ ಮಿಗಿಲಾದ ದಾರಿ. ಉತ್ತಿಟ್ಟ ಹೊಲಗಳು, ಅಮೃತಮಹಲ್ ದನಗಳ ಕಾವಲಿನ ಒಣಹುಲ್ಲು, ಅಲ್ಲಲ್ಲಿ ತೆಂಗು. ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕಂಪ್ರೆಸರ್ ಹೋಗಿತ್ತು, ಹಾಕಿದೆ. ಈಗ ಟೆನ್ಷನರ್ ಹೋಯಿತು, ಹಾಕಿದೆ. ಹಳೆಯ ಗಾಡಿಗಳಲ್ಲಿ ಇದು ಇದ್ದದ್ದೇ. ಅಜ್ಜಂಪುರದ ಹತ್ತಿರ ಬರುವಾಗ ಆ ಮಾತುಗಳು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇದ್ದವು.

ಕಾರು ಒಂದು ಹೊಂಗೆಮರದ ಕೆಳಗೆ ನಿಂತಿತ್ತು. ಪಕ್ಕದಲ್ಲೇ ಒಂದು ತೆಂಗಿನ ತೋಟ, ಪಂಪ್‌ಹೌಸು. ತೋಟದೊಡತಿ ಶಕುಂತಲಮ್ಮ ತುಂಗಮ್ಮನವರನ್ನು ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಎಳನೀರು ಕೊಟ್ಟಿದ್ದಳು. ತುಂಗಮ್ಮ ಸೆರಗಿನ ತುದಿಯನ್ನು ಮೂಗಿಗೆ ಅಡ್ಡ ಹಿಡಿದುಕೊಂಡು ಆರಾಮವಾಗಿಯೇ ಮಾತನಾಡುತ್ತಿದ್ದರು. ಅದನ್ನು ಕಂಡ ಮೇಲೆಯೇ ಯೋಗಾನಂದ ಓಮ್ನಿಯಿಂದ ಸಾಮಾನು ಇಳಿಸಿಕೊಂಡ.

ಯೋಗಾನಂದನ ಕೆಲಸವನ್ನು ಸುದರ್ಶನನೇ ಸುಲಭ ಮಾಡಿಕೊಟ್ಟ. ಹಳೇ ಗಾಡಿ, ಒಂದಾದ ಮೇಲೊಂದು ಹೋಗುತ್ತಿದೆ, ಪಾಪ ನೀವೇನು ಮಾಡುತ್ತೀರಿ ಎಂದ. ಯೋಗಾನಂದ ಬಾನೆಟ್ಟಿನ ಕೆಳಗೆ ಬಗ್ಗಿದ. ಹರಿದ ಬೆಲ್ಟಿನ ಚೂರುಗಳನ್ನು ಎಳೆದು ತೆಗೆದ, ಸುಟ್ಟ ಟೆನ್ಷನರ್ ಬಿಚ್ಚಿ ಹೊಸದು ಹಾಕಿದ, ಬೇರೆ ಬೆಲ್ಟ್ ಏರಿಸಿದ. ಎಂಜಿನ್ ಪೂರ್ತಿ ಆರಿದ ಮೇಲೆ ಕಡಿಮೆಯಾಗಿದ್ದ ನೀರು ತುಂಬಿ ಚಾಲೂ ಮಾಡಿದ. ಹತ್ತು ನಿಮಿಷ ಬಿಸಿಯ ಮುಳ್ಳನ್ನೇ ನೋಡುತ್ತ ನಿಂತ. ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಎಂಜಿನ್ ಆರಿಸಿ, ಕೈ ಒರೆಸಿಕೊಂಡು ಸುದರ್ಶನನ ಎದುರು ಬಂದು ನಿಂತ. ಸಿದ್ಧವಾಗಿದ್ದ ಮಾತು ಬಾಯಿಗೆ ಬರಲಿಲ್ಲ.

“ಸಾರ್, ಹೋದ ವಾರ ನಾನು ಬಿಚ್ಚಿದ್ದು ಒಳ್ಳೇ ಕಂಪ್ರೆಸರ್ರು. ಅದಕ್ಕೇನೂ ಆಗಿರ್ಲಿಲ್ಲ. ಸದ್ದು ಬತ್ತಿದ್ದಿದ್ದು ಇದ್ರಿಂದ,” ಎಂದು ಸುಟ್ಟ ಟೆನ್ಷನರನ್ನು ಮುಂದೆ ಹಿಡಿದ.

ಸುದರ್ಶನ ಅದನ್ನೂ ಅವನ ಮುಖವನ್ನೂ ನೋಡಿದ.

“ಅಷ್ಟು ಜೋರಾಗಿ ಕೀ ಅಂತಿತ್ತು ಯೋಗಣ್ಣ. ಬೇರೆಯವರಾಗಿದ್ರೆ ಗೊತ್ತಾಗ್ಲಿಲ್ಲ ಅಂದ್ಕೋತಿದ್ದೆ. ನಿಮಗೆ ಗೊತ್ತಾಗ್ಲಿಲ್ಲ ಅಂದ್ರೆ ಹೇಗೆ ನಂಬೋದು? ಬೇಕಂತಲೇ ಮಾಡಿದ್ರಾ?”

ಇಂಥ ಪ್ರಶ್ನೆ ಬರಬಹುದೆಂದು ಅವನು ಎಣಿಸಿರಲಿಲ್ಲ. ಈಗ ಉಳಿದದ್ದು ಎರಡೇ: ಮೋಸಗಾರ ಎನಿಸಿಕೊಳ್ಳುವುದು, ಇಲ್ಲವೇ ಕಿವುಡ ಎಂದು ಒಪ್ಪಿಕೊಳ್ಳುವುದು. ಅವನು ತಲೆ ತಗ್ಗಿಸಿ ನಿಂತ. ಸುದರ್ಶನನ ಕಣ್ಣು ತನ್ನ ಹೆಗಲಾಚೆ ಹೋದದ್ದನ್ನು ಕಂಡು ಹಿಂತಿರುಗಿದರೆ, ತುಂಗಮ್ಮ ಕುರ್ಚಿಯಿಂದ ಎದ್ದು ಬಂದು ಮಾರು ದೂರದಲ್ಲೇ ನಿಂತಿದ್ದರು.

“ಹಿಂದಿನಿಂದ ಮೂರು ಸಲ ಕರೆದೆ ಕಣಪ್ಪಾ,” ಎಂದರು. ಈ ಸಲ ಅವನ ಮುಖ ನೋಡಿಕೊಂಡು, ಬಿಡಿಸಿ ಬಿಡಿಸಿ ಹೇಳಿದರು. “ನಾನು ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತೋಳು. ಲೈನಲ್ಲಿ ಕೇಳಿಸದೇ ಇದ್ರೂ ಹೂಂ ಅನ್ನೋರಿರ್ತಾರಲ್ಲ, ಅವರ ಹೂಂ ಬೇರೆ ಥರ ಇರುತ್ತೆ. ಬೆಳಿಗ್ಗೆ ಇವನು ಫೋನ್ ಮಾಡಿದಾಗ ಸ್ಪೀಕರ್ ಹಾಕಿದ್ದ, ನಾನು ಕೇಳಿಸ್ಕೊಂಡೆ. ಎಷ್ಟು ವರ್ಷ ಆಯ್ತು?”

ಯೋಗಾನಂದ ಒಮ್ಮೆ ಸುದರ್ಶನನ ಕಡೆ ನೋಡಿದ, ಒಮ್ಮೆ ಅವರ ಕಡೆ.

“ಮೂರು ವರ್ಷ ಆಯ್ತಮ್ಮ,” ಎಂದ. “ಸಣ್ಣ ಸದ್ದು ಕೇಳ್ಸಲ್ಲ. ಅವತ್ತೂ ಕೇಳ್ಸಿರ್ಲಿಲ್ಲ. ಊಹೆ ಮೇಲೆ ಬಿಚ್ಚಿಬಿಟ್ಟೆ.”

ಹೇಳಿ ಮುಗಿಸಿ ಪಂಪ್‌ಹೌಸಿನ ತೊಟ್ಟಿಯ ಕಟ್ಟೆಯ ಮೇಲೆ ಹೋಗಿ ಕೂತ. ಅಳು ಬರಬಹುದೆಂದು ಅವನು ಹೆದರಿದ್ದ, ಬರಲಿಲ್ಲ. ಬಂದದ್ದು ಹಸಿವು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು. ಮೂರು ವರ್ಷದಿಂದ ಹೆಗಲ ಮೇಲಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಎತ್ತಿಕೊಂಡ ಹಾಗಿತ್ತು. ಶಕುಂತಲಮ್ಮ ಅವನಿಗೂ ಒಂದು ಎಳನೀರು ಕೆತ್ತಿ ಕೊಟ್ಟಳು. ಅದನ್ನು ಕುಡಿದು, ಕಾಯಿ ಒಡೆಸಿ ಒಳಗಿನ ಗಂಜಿಯನ್ನೂ ಬಿಡದೆ ತಿಂದ.

ಸುದರ್ಶನ ಅಲ್ಲಿಯೇ ಕ್ಷಮಿಸಿಬಿಟ್ಟ ಎಂದೇನಲ್ಲ. ಅಮ್ಮ ಒಳಗಿದ್ದಾಗ ಹೆಚ್ಚುಕಮ್ಮಿಯಾಗಿದ್ದರೆ ಏನು ಗತಿಯಾಗಿತ್ತು ಎಂದು ಒಂದು ಸಲ ಕೇಳಿದ. ಯೋಗಾನಂದ ಹಳೆಯ ಕಂಪ್ರೆಸರನ್ನೇ ವಾಪಸು ಹಾಕಿಕೊಡುತ್ತೇನೆ, ಹೊಸದರ ದುಡ್ಡು ಹಿಂದಕ್ಕೆ ಕೊಡುತ್ತೇನೆ ಎಂದ. ಇರುವುದು ಇರಲಿ, ಮತ್ತೆ ಬಿಚ್ಚುವುದು ಬೇಡ ಎಂದ ಸುದರ್ಶನ. ಕೊನೆಗೆ ಹಳೆಯದನ್ನು ಯೋಗಾನಂದನೇ ಇಟ್ಟುಕೊಳ್ಳುವುದು, ಸುದರ್ಶನ ಕೊಟ್ಟದ್ದನ್ನೆಲ್ಲ ಹಿಂದಿರುಗಿಸುವುದು ಎಂದಾಯಿತು. ತುಂಗಮ್ಮ ಇನ್ನೊಂದನ್ನು ಸೇರಿಸಿದರು. ತಪ್ಪಿಹೋದ ಡಾಕ್ಟರ ಭೇಟಿ ಶನಿವಾರಕ್ಕೆ ಸಿಕ್ಕಿತ್ತು. ಅದೇ ಆಸ್ಪತ್ರೆಯಲ್ಲಿ ಕಿವಿ ಡಾಕ್ಟರೂ ಇದ್ದಾರೆ, ನೀನೂ ನಮ್ಮ ಜೊತೆ ಬಾ, ಗಾಡಿ ಹೇಗಿದೆ ಎಂದು ನೋಡಿದ ಹಾಗೂ ಆಗುತ್ತದೆ ಎಂದರು.

ಆ ದಿನ ಸಂಜೆ ಯೋಗಾನಂದ ಹೆಂಡತಿಗೆ ಎಲ್ಲವನ್ನೂ ಹೇಳಿದ. ಪ್ರತಿಮಾ ಕೇಳಿಸಿಕೊಂಡು, ಎದ್ದು ಅವನ ಎದುರಿಗೇ ಬಂದು ಕೂತಳು.

“ಮೂರು ವರ್ಷದಿಂದ ಬಡ್ಕೋತಾ ಇದೀನಲ್ರೀ, ತೋರಿಸ್ಕೊಳ್ಳಿ ಅಂತ.”

“ಕೇಳಿಸ್ಲಿಲ್ಲ ಕಣೇ,” ಎಂದ ಅವನು.

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು. ಶನಿವಾರ ಡೈರಿಗೆ ರಜೆ ಹಾಕಿ ಅವಳೂ ಹೊರಟಳು. ಗಂಡ ಹೆಂಡತಿ ಬಸ್ಸಿನಲ್ಲಿ ತರೀಕೆರೆಗೆ ಹೋಗಿ ಅಲ್ಲಿ ಸುದರ್ಶನನ ಕಾರು ಹತ್ತಿದರು. ಅಲ್ಲಿಂದ ಶಿವಮೊಗ್ಗದವರೆಗೆ ಯೋಗಾನಂದ ಮುಂದಿನ ಸೀಟಿನಲ್ಲಿ ಕೂತು ಮುಳ್ಳನ್ನು ನೋಡುತ್ತಿದ್ದ. ಗಾಜು ಏರಿಸಿತ್ತು, ಒಳಗೆ ತಂಪಿತ್ತು, ಹಿಂದೆ ತುಂಗಮ್ಮನವರು ಪ್ರತಿಮಾಳಿಗೆ ಡೈರಿಯ ಬಗ್ಗೆ ಏನೇನೋ ಕೇಳುತ್ತಿದ್ದರು. ಭದ್ರಾವತಿ ದಾಟುವಾಗ ಸುದರ್ಶನ ಯೋಗಾನಂದನ ಕಡೆ ಮುಖ ತಿರುಗಿಸಿ, ಈಗ ಸದ್ದು ಇಲ್ಲ, ನಾನು ಕೇಳಿ ಹೇಳುತ್ತಿದ್ದೇನೆ ಎಂದ.

ಆಸ್ಪತ್ರೆಯಲ್ಲಿ ಅವನನ್ನು ಸದ್ದೇ ನುಸುಳದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅವನು ಬೆವರುತ್ತ ಕೂತಿದ್ದ. ಹೊರಗೆ ಬಂದಾಗ ಡಾಕ್ಟರು ಒಂದು ಹಾಳೆ ತೋರಿಸಿದರು. ಅದರ ಮೇಲೆ ಗೆರೆಯೊಂದು ಸ್ವಲ್ಪ ದೂರ ಸಮನಾಗಿ ಬಂದು ಆಮೇಲೆ ಕೆಮ್ಮಣ್ಣುಗುಂಡಿಯ ರಸ್ತೆಯ ಹಾಗೆ ಕೆಳಗಿಳಿದಿತ್ತು. ಅವನು ಹೆದರಿಕೊಂಡೇ ಅಜ್ಜನ ವಿಷಯ ಹೇಳಿದ. ಡಾಕ್ಟರು ಎರಡು ಕಿವಿಯನ್ನೂ ಮತ್ತೊಮ್ಮೆ ನೋಡಿದರು. ಇದು ಗ್ಯಾರೇಜಿನ ಗದ್ದಲ ಮಾಡಿದ ಕೆಲಸ, ನಿಮ್ಮ ಅಜ್ಜನದು ಬೇರೆ ಏನೋ ಇದ್ದಿರಬೇಕು. ಹೋದದ್ದು ಹಿಂದಕ್ಕೆ ಬರುವುದಿಲ್ಲ, ಆದರೆ ಇನ್ನು ಮುಂದೆ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಕೆಲಸ ಮಾಡಿದರೆ ಉಳಿದದ್ದು ಹೀಗೇ ಉಳಿಯುವ ಸಾಧ್ಯತೆ ಹೆಚ್ಚು ಎಂದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಬರೆದುಕೊಟ್ಟರು. ಯೋಗಾನಂದ ‘ಉಳಿದದ್ದು’ ಎಂಬ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದ.

ಯಂತ್ರ ಹಾಕಿಕೊಂಡ ಮೊದಲ ವಾರ ಅವನಿಗೆ ಲೋಕವೆಲ್ಲ ತಗಡಿನಿಂದ ಮಾಡಿದ್ದು ಎನಿಸಿತು. ಕಾಗದ ಮಡಚಿದರೆ ತಲೆಯೊಳಗೆ ಬಡಿದಂತಾಗುತ್ತಿತ್ತು. ನಲ್ಲಿಯ ನೀರು, ಬಳೆ, ಸ್ಪ್ಯಾನರ್ ಕೆಳಗೆ ಬಿದ್ದ ಸದ್ದು ಎಲ್ಲಕ್ಕೂ ಬೆಚ್ಚುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ಹೊಂದಿಕೊಂಡ. ಆದರೂ ಮುಂಚಿನ ಕಿವಿ ಬರಲಿಲ್ಲ. ಎಂಜಿನ್ ಓಡುವಾಗ ಯಂತ್ರ ಎಲ್ಲ ಸದ್ದನ್ನೂ ಒಟ್ಟಿಗೆ ತಂದು ಸುರಿಯುತ್ತದೆ, ಬೇರೆ ಮಾಡಿಕೊಡುವುದಿಲ್ಲ. ಹಾಗಾಗಿ ಬಾನೆಟ್ ಎತ್ತಿದ ಮೇಲೆ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು, ಬೆಲ್ಟ್ ಬಿಚ್ಚಿ ಕೈಯಿಂದಲೇ ನೋಡುತ್ತಾನೆ.

ಕಪಾಟಿನ ಮೇಲಿದ್ದ ಕಂಪ್ರೆಸರನ್ನು ತರೀಕೆರೆಯ ದುಷ್ಯಂತನ ಟ್ಯಾಕ್ಸಿಗೆ ಹಾಕಿದ. ಪ್ರವಾಸಿಗಳನ್ನು ದಿನಾ ಘಾಟಿ ಹತ್ತಿಸಿ ಇಳಿಸುವ ಗಾಡಿ ಅದು. ಹಾಕುವ ಮೊದಲು ಅದು ಎಲ್ಲಿಂದ ಬಂತು, ಯಾಕೆ ಬಂತು ಎಂದು ಪೂರ್ತಿ ಹೇಳಿದ. ದುಷ್ಯಂತನಿಗೆ ಹೇಳಿದರೆ ಟ್ಯಾಕ್ಸಿ ಸ್ಟ್ಯಾಂಡಿಗೆಲ್ಲ ಹೇಳಿದ ಹಾಗೆ. ಇನ್ನೊಂದು ತಿಂಗಳಲ್ಲಿ ಶೆಡ್ಡು ಖಾಲಿಯಾಗುತ್ತದೆ ಎಂದು ಯೋಗಾನಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಕೆಲವರು ಬರುವುದನ್ನು ಬಿಟ್ಟದ್ದೂ ನಿಜ. ಒಬ್ಬಿಬ್ಬರು ಹಿಂದಿನಿಂದ ಕರೆದು ಪರೀಕ್ಷೆ ಮಾಡಿದ್ದೂ ಉಂಟು. ಆದರೆ ಮೇ ತಿಂಗಳ ಬಿಸಿಲಿಗೆ ಅಂಗಳದಲ್ಲಿ ಗಾಡಿಗಳು ಎಂದಿನಂತೆಯೇ ನಿಂತಿದ್ದವು. ಬಂದವರು ಅವನ ಎದುರಿಗೆ ನಿಂತು, ಕೊಂಚ ಜೋರಾಗಿ ಮಾತನಾಡಿದರು. ಅಷ್ಟು ಜೋರು ಬೇಕಿಲ್ಲ ಎಂದು ಅವನು ಹೇಳಿದ.

ಈ ವರ್ಷ ಬೇಸಿಗೆಯ ಮೊದಲಲ್ಲಿ ದೇವನೂರಿನಿಂದ ರೇಣುಕಪ್ರಸಾದ್ ಎಂಬುವರು ಜೀಪು ತಂದರು. ಎ.ಸಿ. ಹಾಕಿದರೆ ಗರಗರ ಎನ್ನುತ್ತದೆ ಎಂದರು. ಯೋಗಾನಂದ ಬೆಲ್ಟ್ ಬಿಚ್ಚಿದ. ಟೆನ್ಷನರ್ ತಿರುಗಿಸಿದ, ಸರಿಯಿತ್ತು. ಆಲ್ಟರ್ನೇಟರ್, ನೀರಿನ ಪಂಪು ತಿರುಗಿಸಿದ, ಸರಿಯಿದ್ದವು. ಕಂಪ್ರೆಸರಿನ ಮುಂದಿನ ತಟ್ಟೆಗೆ ಕೈ ಹಾಕಿ ತಿರುಗಿಸಿದ. ಅರ್ಧ ಸುತ್ತಿಗೆ ಮರಳು ಸಿಕ್ಕಿಕೊಂಡ ಹಾಗೆ ಎರಡು ಕಡೆ ತಡೆಯಿತು. ರೇಣುಕಪ್ರಸಾದರ ಕೈ ಹಿಡಿದು ಅದರ ಮೇಲಿಟ್ಟು, ನೀವೇ ತಿರುಗಿಸಿ ನೋಡಿ ಎಂದ. ಅವರು ತಿರುಗಿಸಿದರು, ತಡೆದದ್ದು ಅವರ ಕೈಗೂ ಗೊತ್ತಾಯಿತು. ಸರಿ, ಬದಲಿಸಿ ಎಂದರು. ಮಧ್ಯಾಹ್ನ ನಾಲ್ಕಕ್ಕೆ ಗ್ಯಾಸ್ ತುಂಬಿ ಮುಗಿಯಿತು. ಜೀಪು ಹೊರಟುಹೋದ ಮೇಲೆ ಯೋಗಾನಂದ ಕೈ ತೊಳೆದು, ಪ್ರತಿಮಾ ಕಟ್ಟಿಕೊಟ್ಟಿದ್ದ ಡಬ್ಬಿ ಬಿಚ್ಚಿ, ನೆರಳಿನಲ್ಲಿ ಕೂತು ಊಟ ಮಾಡಿದ.